ಲೇಪಾಕ್ಷಿಯ ಗೋಡೆಗಳು ಆಡುವ ಮಾತು



ನಮ್ಮ ಪರಿಗಿಯ ಕೆರೆಯ ಏರಿಯ ಮೇಲೆ ಸಂಜೆಯ ಹೊತ್ತು ನಿಂತವರಿಗೆ ನೀರಿಗಿಂತ ಹೆಚ್ಚಾಗಿ ಕಾಲವೇ ಕಾಣಿಸುತ್ತದೆ. ಸುಮಾರು ಐದನೆಯ ಶತಮಾನದ ಗಂಗರ ಅರಸನೊಬ್ಬನ ತಾಮ್ರಶಾಸನವು ಪೆನುಕೊಂಡೆಯಲ್ಲಿ ದೊರೆತಿದೆ. ಅದರಲ್ಲಿ ‘ಪರುವಿ’ ಎಂಬ ಊರಿನ ದೊಡ್ಡ ಕೆರೆಯ ಕೆಳಗಿನ ಗದ್ದೆಗಳನ್ನು ದಾನವಾಗಿ ಕೊಟ್ಟ ಸಂಗತಿಯಿದೆ. ಆ ಪರುವಿಯೇ ಇಂದಿನ ಪರಿಗಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ‘ದೊಡ್ಡ ಕೆರೆ’ ಎನಿಸಿಕೊಂಡ ನೀರಿನ ದಡದಲ್ಲಿ ಹುಟ್ಟಿ ಬೆಳೆದ ನಮಗೆ ಇತಿಹಾಸವೆಂಬುದು ಪುಸ್ತಕದ ಪಾಠವಲ್ಲ, ಮನೆಯ ಹಿತ್ತಿಲಿನ ಸಂಗತಿ. ಆದರೆ ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಸುಳ್ಳು ಮಾಡಿದವರಲ್ಲ. ಅದಕ್ಕೆ ಸಾಕ್ಷಿಯಾಗಿ ನಮ್ಮ ನೆರೆಯ ಲೇಪಾಕ್ಷಿಯ ದೇವಾಲಯವನ್ನು ಕುರಿತು, ನಾನು ಅಲ್ಲಿ ಕಲಿತ ಒಂದೆರಡು ಪಾಠಗಳನ್ನು ಕುರಿತು ಈ ಲೇಖನದಲ್ಲಿ ಬರೆಯಬೇಕೆಂದಿದ್ದೇನೆ.

ನಾನು ಹಳ್ಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಹಲವರದು ತೆಲುಗು. ಜಗಲಿಯ ಮೇಲೆ ಆಡುವಾಗ ಎರಡೂ ಬೆರೆತು ಒಂದೇ ಆಗುತ್ತವೆ. ಓದುವುದು ಮಾತ್ರ ತೆಲುಗು ಮತ್ತು ಇಂಗ್ಲಿಷಿನಲ್ಲಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ, ಇಷ್ಟವಿದ್ದವರಿಗೆ ನಾನು ಕನ್ನಡದ ಅಕ್ಷರಗಳನ್ನು ಕಲಿಸುತ್ತೇನೆ. ಒಂದು ದಿನ ಆ ತರಗತಿಯ ಹುಡುಗಿಯೊಬ್ಬಳ ತಂದೆ ಬಾಗಿಲಲ್ಲಿ ನಿಂತು, ಬಹಳ ವಿನಯದಿಂದಲೇ, “ಸಾರ್, ಮನೆಯಲ್ಲಿ ಮಾತಾಡೋಕೆ ಬರುತ್ತಲ್ಲ, ಅಷ್ಟು ಸಾಲದಾ? ಈ ಅಕ್ಷರ ಕಲಿತು ಅವಳಿಗೆ ಏನಾಗಬೇಕು? ಆ ಹೊತ್ತಿನಲ್ಲಿ ಒಂದಿಷ್ಟು ಲೆಕ್ಕ ಹೇಳಿಕೊಟ್ಟರೆ ಉಪಯೋಗಕ್ಕೆ ಬರುತ್ತೆ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಆ ಹೊತ್ತಿಗೆ ಉತ್ತರವೂ ಇರಲಿಲ್ಲ. ಆಲೋಚಿಸುತ್ತೇನೆಂದು ಹೇಳಿ ಅವರನ್ನು ಕಳುಹಿಸಿಕೊಟ್ಟೆ.

ಅದಾದ ಕೆಲವು ದಿನಗಳಿಗೆ, 2025ರ ಸಂಕ್ರಾಂತಿಯ ರಜೆಗೆ ಮುನ್ನ, ಆರನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಲೇಪಾಕ್ಷಿಗೆ ಹೋದೆವು.

ಆಮೆಯ ಬೆನ್ನಿನ ಮೇಲೆ

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿಲೋಮೀಟರು. 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಪ್ರದೇಶವು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಊರಿನ ಹೆಸರಿನ ಬಗೆಗೆ ಎಲ್ಲರೂ ಬಲ್ಲ ಕಥೆಯೊಂದುಂಟು. ರಾವಣನೊಡನೆ ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯು ಇಲ್ಲಿ ಬಿದ್ದಿದ್ದನಂತೆ. ಶ್ರೀರಾಮನು ಅವನನ್ನು ಕಂಡು “ಲೇ ಪಕ್ಷೀ” ಎಂದನಂತೆ. ಬಸ್ಸಿನಲ್ಲಿ ಈ ಕಥೆಯನ್ನು ಹೇಳುತ್ತಿದ್ದಾಗ ಕನ್ನಡದ ಹುಡುಗನೊಬ್ಬನು, “ಸಾರ್, ಸಾಯುತ್ತಿರುವ ಪಕ್ಷಿಯನ್ನು ರಾಮ ‘ಲೇ’ ಅಂತ ಕರೆದನಾ?” ಎಂದು ಗಾಬರಿಯಿಂದ ಕೇಳಿದ. ಅವನ ಪಕ್ಕದಲ್ಲಿದ್ದ ತೆಲುಗಿನ ಗೆಳೆಯ ನಕ್ಕು, “ಬೈದದ್ದಲ್ಲ ಕಣೋ, ‘ಲೇ’ ಅಂದರೆ ‘ಏಳು’ ಅಂತ” ಎಂದು ಬಿಡಿಸಿ ಹೇಳಿದ. ಒಂದು ಅಕ್ಷರವು ಗಡಿಯ ಈಚೆ ಗದರಿಕೆಯೂ ಆಚೆ ಕರುಣೆಯೂ ಆಗುವ ಈ ಸೀಮೆಯಲ್ಲಿ ಒಂದೇ ಭಾಷೆಯನ್ನು ಬಲ್ಲವನಿಗೆ ಅರ್ಧ ಕಥೆ ಮಾತ್ರ ತಿಳಿಯುತ್ತದೆಯೆಂಬುದು ಅಂದಿನ ಮೊದಲ ಪಾಠ.

ದೇವಾಲಯವಿರುವುದು ಹೆಚ್ಚು ಎತ್ತರವಲ್ಲದ, ಆಮೆಯ ಬೆನ್ನಿನಂತೆ ಉಬ್ಬಿದ ಕಲ್ಲುಬಂಡೆಯ ಗುಡ್ಡದ ಮೇಲೆ. ಆದುದರಿಂದಲೇ ಅದಕ್ಕೆ ಕೂರ್ಮಶೈಲವೆಂಬ ಹೆಸರು. ನೆಲವನ್ನು ಸಮಮಾಡಿ ಕಟ್ಟಡವನ್ನು ಕಟ್ಟುವುದು ಲೋಕದ ವಾಡಿಕೆ. ಇಲ್ಲಿಯ ಶಿಲ್ಪಿಗಳಾದರೋ ಬಂಡೆಯನ್ನು ಬಂಡೆಯಾಗಿಯೇ ಬಿಟ್ಟು, ಅದರ ಏರುತಗ್ಗುಗಳಿಗೆ ಹೊಂದುವಂತೆ ಪ್ರಾಕಾರಗಳನ್ನೂ ಮಂಟಪಗಳನ್ನೂ ಎಬ್ಬಿಸಿದ್ದಾರೆ. ಎಲ್ಲಿ ಬಂಡೆ ಎದ್ದು ನಿಂತಿತೋ ಅಲ್ಲಿ ಅದನ್ನೇ ವಿಗ್ರಹವಾಗಿ ಮಾಡಿದ್ದಾರೆ. ಹೊರ ಪ್ರಾಕಾರದ ಉದ್ದಕ್ಕೂ ಕಂಬಸಾಲಿನ ಕೈಸಾಲೆಗಳಿವೆ. ಉತ್ತರ ದಿಕ್ಕಿನ ಗೋಪುರದ್ವಾರದಿಂದ ಒಳಗೆ ಪ್ರವೇಶ. ದೇವಾಲಯದ ಮುಖವೂ ಉತ್ತರಕ್ಕೆ.

ಒಳಗೆ ಕಾಲಿಟ್ಟೊಡನೆ ಎದುರಾಗುವುದು ಮುಖಮಂಟಪ; ಜನರ ಬಾಯಲ್ಲಿ ನಾಟ್ಯಮಂಟಪ. ಆ ಹೆಸರು ಅದಕ್ಕೆ ತಕ್ಕುದಾಗಿದೆ. ನಡುವಣ ಅಂಕಣವನ್ನು ಸುತ್ತುವರಿದ ಕಂಬಗಳಲ್ಲಿ ಆಳೆತ್ತರದ ಮೂರ್ತಿಗಳು ಒಂದು ಮೇಳದಂತೆ ನಿಂತಿವೆ. ನಾರದ ತುಂಬುರರು ಹಾಡಿಗೆ, ಬ್ರಹ್ಮನು ಮದ್ದಳೆಗೆ, ರಂಭೆ ನರ್ತನಕ್ಕೆ, ಮೂರು ಕಾಲಿನ ಭೃಂಗಿ ಹೆಜ್ಜೆಗಾರಿಕೆಗೆ. ನೆತ್ತಿಯ ಮೇಲೆ ನೂರು ದಳಗಳ ಕಲ್ಲಿನ ಕಮಲ. ನೋಡುವವನು ನಡುವೆ ನಿಂತರೆ ತಾನು ಪ್ರೇಕ್ಷಕನೋ ನರ್ತಕನೋ ಎಂಬ ಸಂದೇಹ ಬರುತ್ತದೆ. ಏಕೆಂದರೆ ಕಂಬದ ಮೂರ್ತಿಗಳೆಲ್ಲವೂ ನೋಡುತ್ತಿರುವುದು ಅವನನ್ನೇ.

ಈ ಮಂಟಪದ ಈಶಾನ್ಯ ಮೂಲೆಯಲ್ಲಿ ಪ್ರಸಿದ್ಧವಾದ ‘ತೂಗುವ ಕಂಬ’ವಿದೆ. ಅದರ ಬುಡಕ್ಕೂ ನೆಲಹಾಸಿಗೂ ನಡುವೆ ತೆಳುವಾದ ಸಂದಿಯಿದೆ. ಬಂದವರು ಒಂದು ವಸ್ತ್ರವನ್ನು ಈ ಬದಿಯಿಂದ ತೂರಿಸಿ ಆ ಬದಿಯಿಂದ ಎಳೆದು ಸಂತೋಷಪಡುತ್ತಾರೆ. ನಮ್ಮ ಮಕ್ಕಳೂ ಒಬ್ಬರ ಹಿಂದೊಬ್ಬರು ಕರವಸ್ತ್ರಗಳನ್ನು ಎಳೆದರು, ನಾನೂ ತಡೆಯಲಿಲ್ಲ. ಆದರೆ ಅಂದು ಬಂದಿದ್ದ ನೂರಾರು ಜನರಲ್ಲಿ ಬಹುತೇಕರು ಕಂಬದ ಸಂದಿಯನ್ನು ನೋಡಲು ಬಗ್ಗಿದರೇ ಹೊರತು ತಲೆಯೆತ್ತಿ ಮೇಲಿನ ಮುಚ್ಚಿಗೆಯನ್ನು ನೋಡಲಿಲ್ಲವೆಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು.

ಮುಚ್ಚಿಗೆಯ ಮೇಲಿನ ಲೋಕ

ವಿಜಯನಗರದ ಕಾಲದ ವರ್ಣಚಿತ್ರಗಳು ಇಷ್ಟು ವಿಸ್ತಾರವಾಗಿ, ಇಷ್ಟು ಜೀವಂತವಾಗಿ ಉಳಿದಿರುವ ಸ್ಥಳಗಳು ವಿರಳ. ಕಲ್ಲಿನ ಮುಚ್ಚಿಗೆಯ ಮೇಲೆ ಸುಣ್ಣದ ಗಾರೆಯನ್ನು ತೆಳುವಾಗಿ ಬಳಿದು, ನಯಮಾಡಿ, ಕಾವಿಮಣ್ಣಿನ ಕೆಂಪು, ಹಳದಿ, ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು, ಹಸಿರು ಇವುಗಳಿಂದ ಚಿತ್ರಗಳನ್ನು ಬರೆದಿದ್ದಾರೆ. ಮೊದಲು ರೇಖೆ, ಆಮೇಲೆ ಬಣ್ಣ, ಕಡೆಗೆ ಕಪ್ಪಿನಿಂದ ಅಂಚು. ಶಾಲೆಯ ಮಗುವು ಚಿತ್ರ ಬರೆಯುವ ಕ್ರಮವೂ ಇದೇ ಅಲ್ಲವೇ?

ಅಲ್ಲಿ ಪಾರ್ವತಿಯ ವಿವಾಹವಿದೆ, ಶಿವಪಾರ್ವತಿಯರ ಪಗಡೆಯಾಟವಿದೆ, ದ್ರೌಪದಿಯ ಸ್ವಯಂವರ, ರಾಮನ ಪಟ್ಟಾಭಿಷೇಕ, ಆಲದೆಲೆಯ ಮೇಲೆ ಮಲಗಿದ ಕೃಷ್ಣ ಇವೆಲ್ಲ ಇವೆ. ತನ್ನ ಮಗನ ರಥಕ್ಕೆ ಸಿಕ್ಕಿ ಸತ್ತ ಕರುವಿಗಾಗಿ ಮಗನಿಗೇ ದಂಡನೆ ವಿಧಿಸಿದ ಮನುನೀತಿ ಚೋಳನ ಕಥೆಯೂ ಇದೆ. ಕಿರಾತಾರ್ಜುನೀಯದ ಹಂದಿಯ ಬೇಟೆಯಂತೂ ಒಮ್ಮೆ ನೋಡಿದರೆ ಮರೆಯುವಂಥದಲ್ಲ. ಗಂಡಸರ ತಲೆಯ ಮೇಲೆ ಎತ್ತರದ ಚೂಪಾದ ಕುಲಾವಿಗಳು. ಹೆಂಗಸರ ಸೀರೆಗಳಲ್ಲಿ ಪಟ್ಟೆ, ಚೌಕಳಿ, ಹೂ, ಹಂಸ. ಐನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ನೇಕಾರರು ಏನನ್ನು ನೇಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದೊರೆಯಲಾರದು. ಮಗ್ಗದ ಮನೆಯ ಹುಡುಗಿಯೊಬ್ಬಳು ಅಂಚುಗಳನ್ನು ಎಣಿಸುತ್ತ ಕುತ್ತಿಗೆ ನೋವೆಂದರೂ ಕೆಳಗೆ ನೋಡಲೊಲ್ಲಳು.

ಒಳಗಿನ ಅರ್ಧಮಂಟಪದ ಮುಚ್ಚಿಗೆಯಲ್ಲಿ ಇಪ್ಪತ್ತು ಅಡಿಗೂ ಮಿಕ್ಕಿದ ವೀರಭದ್ರನ ಮಹಾಚಿತ್ರವಿದೆ. ದಕ್ಷಯಜ್ಞವನ್ನು ಧ್ವಂಸಮಾಡಿದ ಆ ಉಗ್ರಮೂರ್ತಿಯ ಪಾದದ ಬಳಿ, ಅವನ ಗಾತ್ರಕ್ಕೆ ಬೊಂಬೆಗಳಂತೆ ಕಾಣುವ ಇಬ್ಬರು ಮನುಷ್ಯರು ಕೈಮುಗಿದು ನಿಂತಿದ್ದಾರೆ. ಅವರೇ ಈ ದೇವಾಲಯವನ್ನು ಕಟ್ಟಿಸಿದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ.

ಇಲ್ಲಿ ವಾಚಕರು ಗಮನಿಸಬೇಕಾದ ಇನ್ನೊಂದು ವಿಶೇಷವುಂಟು. ಮೂಲಸ್ಥಾನದಲ್ಲಿ ವೀರಭದ್ರನಿದ್ದಾನೆ. ಅವನ ಮುಂದಿನ ಅದೇ ಮಂಟಪದಲ್ಲಿ ಪಾಪನಾಶೇಶ್ವರನೆಂಬ ಶಿವನೂ ರಘುನಾಥನೆಂಬ ವಿಷ್ಣುವೂ ಎದುರುಬದುರಾಗಿ ನೆಲಸಿದ್ದಾರೆ. ದುರ್ಗೆಗೂ ಅಲ್ಲಿ ಸ್ಥಾನವುಂಟು. ಶಿವನನ್ನು ನೋಡಿ ಹಿಂದಿರುಗಿದರೆ ವಿಷ್ಣುವಿನ ಮುಂದೆ ನಿಂತಿರುತ್ತೇವೆ. ಮತಗಳ ಹೆಸರಿನಲ್ಲಿ ಜನ ಕಾದಾಡಿದ ಕಾಲವನ್ನು ಓದಿದ ಮಕ್ಕಳಿಗೆ, ಒಂದು ಸೂರಿನ ಕೆಳಗೆ ಇವರೆಲ್ಲ ಹೇಗೆ ಬಾಳಿದರೆಂದು ವಿವರಿಸಲು ಪಾಠದ ಪುಸ್ತಕ ಬೇಕಾಗಲಿಲ್ಲ.

ಕಣ್ಣಿನ ಕಥೆಯೂ ಕಲ್ಲಿನ ಕಥೆಯೂ

ವಿರೂಪಣ್ಣನ ಕಥೆಯನ್ನು ನಮ್ಮ ಕಡೆಯಲ್ಲಿ ಅರಿಯದವರಿಲ್ಲ. ಅವನು ಅಚ್ಯುತರಾಯನ ಭಂಡಾರದ ಅಧಿಕಾರಿ. ದೊರೆ ಊರಿನಲ್ಲಿಲ್ಲದಾಗ ಭಂಡಾರದ ಹಣವನ್ನೆಲ್ಲ ದೇವಾಲಯಕ್ಕೆ ಸುರಿದನಂತೆ. ಹಿಂದಿರುಗಿದ ದೊರೆಯು ಅವನ ಕಣ್ಣು ಕೀಳಿಸಲು ಆಜ್ಞಾಪಿಸಿದನಂತೆ. ಸ್ವಾಮಿನಿಷ್ಠನಾದ ವಿರೂಪಣ್ಣನು ತಾನೇ ಕಣ್ಣುಗಳನ್ನು ಕಿತ್ತು ಗೋಡೆಗೆ ಎಸೆದನಂತೆ. ಕಲ್ಯಾಣಮಂಟಪದ ಸಮೀಪದ ಗೋಡೆಯಲ್ಲಿರುವ ಎರಡು ಕೆಂಗಲೆಗಳನ್ನು ಇಂದಿಗೂ ತೋರಿಸುತ್ತಾರೆ. ಆ ಕಲ್ಯಾಣಮಂಟಪವು ಸೂರಿಲ್ಲದೆ ಅರ್ಧಕ್ಕೇ ನಿಂತಿರುವುದಕ್ಕೂ ಇದೇ ಕಾರಣವೆನ್ನುತ್ತಾರೆ. ಶಿವಪಾರ್ವತಿಯರ ಮದುವೆಗೆಂದು ಬಂದ ದೇವತೆಗಳೂ ದಿಕ್ಪಾಲಕರೂ ಋಷಿಗಳೂ ಅಲ್ಲಿಯ 38 ಕಂಬಗಳ ಮೇಲೆ ನಿಂತು, ಚಪ್ಪರ ಮುಗಿಯುವುದನ್ನು ಕಾಯುತ್ತಿರುವಂತೆ ಬಯಲಿನಲ್ಲಿಯೇ ಇದ್ದಾರೆ.

ಈ ಕಥೆಯನ್ನು ನಾನು ಇಪ್ಪತ್ತೈದು ವರ್ಷ ಇತಿಹಾಸವೆಂದೇ ಮಕ್ಕಳಿಗೆ ಹೇಳುತ್ತ ಬಂದೆನೆಂದು ಒಪ್ಪಿಕೊಳ್ಳಬೇಕು. ಹೇಳಿದಾಗ ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಉಪಾಧ್ಯಾಯನಿಗೆ ಅದಕ್ಕಿಂತ ಬೇರೆ ಬಹುಮಾನ ಬೇಕೇ? ಆದರೆ ಅಂದು, ತಂದೆಯ ಪ್ರಶ್ನೆಗೆ ಕಾರಣಳಾದ ಆ ಹುಡುಗಿಯೇ ಬೇರೊಂದು ಪ್ರಶ್ನೆಯನ್ನು ಎತ್ತಿದಳು.

ಲೇಪಾಕ್ಷಿಯ ಗೋಡೆಗಳ ಮೇಲೆ ಶಾಸನಗಳಿವೆ. ಕೇಂದ್ರದ ಪುರಾತತ್ವ ಇಲಾಖೆಯು ಪ್ರಕಟಿಸಿದ ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಒಂಬತ್ತನೆಯ ಸಂಪುಟವು ಹಳೆಯ ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗೆ ಮೀಸಲಾದದ್ದು; ಲೇಪಾಕ್ಷಿಯ ಹಲವು ಶಾಸನಗಳು ಅಲ್ಲಿ ಅಚ್ಚಾಗಿವೆ. ಅವುಗಳಿಂದ ತಿಳಿಯುವುದಿಷ್ಟು: ವಿರೂಪಣ್ಣನು ನಂದಿ ಲಕ್ಕಿಸೆಟ್ಟಿ ಮತ್ತು ಮುದ್ದಮ್ಮನವರ ಮಗ. 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ಕಾಲದಲ್ಲಿ, ಶಕ ವರ್ಷ 1455 ಮತ್ತು 1460ರಲ್ಲಿ, ಇಲ್ಲಿಯ ದೇವರಿಗೆ ಭೂದಾನ ಗ್ರಾಮದಾನಗಳು ನಡೆದಿವೆ. ಶಕ ವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆಂದು ಹೇಳಿದೆ. ಮಕ್ಕಳು ನೆಲದ ಮೇಲೆ ಬೆರಳಿನಿಂದ ಕೂಡಿ 1533, 1538 ಎಂದರು.

ಆಗ ಆ ಹುಡುಗಿ, “ಸಾರ್, ರಾಜನಿಗೆ ತಿಳಿಯದಂತೆ ಗುಡಿ ಕಟ್ಟಿದ ಅಂತ ನೀವು ಹೇಳಿದಿರಿ. ಮತ್ತೆ ಗುಡಿಗೆ ಊರು ಕೊಟ್ಟವನು ಅದೇ ರಾಜ ಅಂತೀರಿ. ತಿಳಿಯದೆ ಹೇಗೆ ಕೊಟ್ಟ?” ಎಂದು ಕೇಳಿದಳು.

ನಾನು ಕಂಬಕ್ಕೊರಗಿ ನಿಂತುಬಿಟ್ಟೆ. ಇಪ್ಪತ್ತೈದು ವರ್ಷ ನನಗೆ ಹೊಳೆಯದ ಪ್ರಶ್ನೆಯದು. ದಾನಗಳು ಮೊದಲು, ಕೋಪ ಆಮೇಲೆ ಎಂದು ವಾದಿಸಬಹುದು. ಕಟ್ಟಡವು ಅರ್ಧಕ್ಕೆ ನಿಲ್ಲಲು ಹಣದ ಅಭಾವ, ಅಧಿಕಾರದ ಬದಲಾವಣೆ ಮುಂತಾಗಿ ನೂರು ಕಾರಣಗಳಿರಬಹುದೆಂದೂ ಹೇಳಬಹುದು. ಆದರೆ ಗೋಡೆಯ ಮೇಲಿನ ಬರಹವು ಹೇಳುವುದು ಕೊಟ್ಟವರ ಹೆಸರನ್ನು, ಕೊಟ್ಟ ಭೂಮಿಯನ್ನು, ಕೊಟ್ಟ ದಿನವನ್ನು. ಕಣ್ಣಿನ ಕಥೆಯಿರುವುದು ಜನರ ನಾಲಗೆಯ ಮೇಲೆ. ಎರಡಕ್ಕೂ ಬೆಲೆಯುಂಟು. ಕಥೆಯು ಜನರು ಆ ಕಟ್ಟಡವನ್ನು ಎಷ್ಟು ಪ್ರೀತಿಸಿದರೆಂಬುದನ್ನು ಹೇಳುತ್ತದೆ. ತಾನು ಕಂಡ ಸೊಬಗಿಗೆ ಯಾರೋ ಒಬ್ಬರು ಕಣ್ಣನ್ನೇ ಬೆಲೆಯಾಗಿ ತೆತ್ತಿರಬೇಕೆಂದು ಜನರಿಗೆ ತೋರಿತು. ಶಾಸನವಾದರೋ ಯಾರು ಏನನ್ನು ಮಾಡಿದರೆಂದು ಹೇಳುತ್ತದೆ. ಒಂದನ್ನು ಇನ್ನೊಂದೆಂದು ಮಾರಬಾರದು, ಅಷ್ಟೆ. ಇಷ್ಟು ದಿನ ನಾನು ಹಾಗೆ ಮಾರಿದ್ದೆ. ಮಕ್ಕಳ ಮುಂದೆಯೇ ಅದನ್ನು ಒಪ್ಪಿಕೊಂಡೆ.

ಗೋಡೆಯ ಮುಂದೆ ಒಂದು ಪಾಠ

ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ, ತಿಳಿದದ್ದರಿಂದ ತಿಳಿಯದುದಕ್ಕೆ ಹೋಗು ಎಂಬುದು. ಮಕ್ಕಳನ್ನು ಬರಹವಿದ್ದ ಗೋಡೆಯ ಬಳಿಗೆ ಕರೆದೊಯ್ದು, “ಮುಟ್ಟಬೇಡಿ, ಗೊತ್ತಿರುವ ಅಕ್ಷರ ಒಂದಾದರೂ ಕಾಣುತ್ತದೆಯೋ ನೋಡಿ” ಎಂದೆ.

ಹಳೆಯ ಬರಹದಲ್ಲಿ ಪದಗಳ ನಡುವೆ ಅಂತರವಿರುವುದಿಲ್ಲ. ಸಾಲುಗಳು ಸುಗ್ಗಿಯ ಬಂಡಿಗಳಂತೆ ಒಂದಕ್ಕೊಂದು ತಾಗಿಕೊಂಡು ಸಾಗುತ್ತವೆ. ಮಧ್ಯಾಹ್ನದ ಬಿಸಿಲು ನೇರವಾಗಿದ್ದಾಗ ಏನೂ ಕಾಣದು. ಬಿಸಿಲು ಓರೆಯಾಗುವ ತನಕ ಕಾದು ಕುಳಿತೆವು. ಸಂಜೆಯ ಬೆಳಕು ಗೋಡೆಯ ಮೇಲೆ ಅಡ್ಡಲಾಗಿ ಬಿದ್ದಾಗ ಅಕ್ಷರಗಳು ಒಂದೊಂದಾಗಿ ನೆರಳು ತುಂಬಿಕೊಂಡು ಎದ್ದವು. ಆ ಹುಡುಗಿ ಕಲ್ಲಿಗೆ ಮುಖವನ್ನು ಸಮೀಪಿಸಿ, “ರ… ದೀರ್ಘ… ಯ…” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾಯ!” ಎಂದು ಕೂಗಿದಳು. ತೆಲುಗು ಮಾತ್ರ ಓದಬಲ್ಲ ಗೆಳೆಯನೂ ಪಕ್ಕದಲ್ಲಿಯೇ ನಿಂತು ಅದೇ ಮೂರು ಗುರುತುಗಳನ್ನು ಓದಿ, “ನನಗೂ ಬರುತ್ತೆ ಸಾರ್, ಇದು ತೆಲುಗು” ಎಂದ. ಇಬ್ಬರಿಗೂ ಜಗಳವೇ ಹತ್ತಿತು.

ಜಗಳವನ್ನು ಬಿಡಿಸುವುದು ಸುಲಭವಾಗಿತ್ತು. ಕನ್ನಡ ತೆಲುಗುಗಳ ಲಿಪಿಗಳು ಶತಮಾನಗಳ ಕಾಲ ಒಂದೇ ಆಗಿದ್ದು, ವಿಜಯನಗರದ ಕಾಲದ ಸುಮಾರಿಗೆ ಮೆಲ್ಲನೆ ಬೇರೆಬೇರೆ ದಾರಿ ಹಿಡಿದವು. ಆಮೇಲೆ ಅಚ್ಚಿನ ಮೊಳೆಗಳು ಬಂದು ಆ ಭೇದವನ್ನು ಗಟ್ಟಿಮಾಡಿದವು. ಕನ್ನಡದ ತಲೆಕಟ್ಟು ಮಲಗಿತು, ತೆಲುಗಿನದು ಮೇಲಕ್ಕೆದ್ದಿತು. ಈ ಗೋಡೆಯ ಬರಹ ಅಣ್ಣತಮ್ಮಂದಿರು ಇನ್ನೂ ಪಾಲಾಗದಿದ್ದ ಮನೆಯ ಬರಹ. ಮಾತು ಕನ್ನಡ, ಅಕ್ಷರವಾದರೋ ಇಬ್ಬರದೂ. ಅಕ್ಷರವನ್ನು ಅವನು ಗುರುತಿಸಿದ, ಅರ್ಥವನ್ನು ಅವಳು ಹೇಳಿದಳು. ಇಬ್ಬರೂ ಸೇರಿ ಅರ್ಧ ಸಾಲನ್ನು ಮುಗಿಸಿದರು.

ಇನ್ನೊಂದು ಲೆಕ್ಕವನ್ನೂ ಮಾಡಿದೆವು. ಶಕ 1455 ವಿಜಯ ಸಂವತ್ಸರ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 1533ಕ್ಕೆ ಅರುವತ್ತರಂತೆ ಎಂಟು ಸಲ ಕೂಡಿಸಿದರೆ 2013. ಆ ವರ್ಷದ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಹುಟ್ಟಿದ ಮಕ್ಕಳು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದರು. ತಾವು ಹುಟ್ಟಿದ್ದೂ ಈ ಕಲ್ಲಿನ ದಾನ ನಡೆದದ್ದೂ ಒಂದೇ ಹೆಸರಿನ ವರ್ಷದಲ್ಲೆಂದು ತಿಳಿದ ಮೇಲೆ, ಗೋಡೆಯ ಮೇಲೆ ತಮ್ಮ ಹೆಸರನ್ನು ಕೆತ್ತುವ ಯೋಚನೆ ಯಾವ ಮಗುವಿಗೂ ಬರಲಿಲ್ಲ. ಅದಾಗಲೇ ಕೆತ್ತಿರುವಂತೆ ಅವರಿಗೆ ತೋರಿರಬೇಕು.

ಹೆಸರು ಕೆತ್ತುವ ಮಾತು ಬಂದಾಗ ನನ್ನದೇ ತಪ್ಪೊಂದನ್ನು ಹೇಳದೆ ಇರಲಾರೆ. ನೌಕರಿಗೆ ಸೇರಿದ ಹೊಸತರಲ್ಲಿ, ಮಕ್ಕಳಿಗೆ ಚೆನ್ನಾಗಿ ಕಾಣಲೆಂದು, ಬೇರೊಂದು ಊರಿನ ಹಾಳುಗುಡಿಯ ಶಾಸನದ ಅಕ್ಷರಗಳಿಗೆ ಸೀಮೆಸುಣ್ಣವನ್ನು ಒತ್ತಿ ತುಂಬಿಸಿದ್ದೆ. ಒಂದೆರಡು ಕಡೆ ಮಾಸಿದ ಅಕ್ಷರವನ್ನು ಊಹೆಯಿಂದ ತಿದ್ದಿಯೂ ಇದ್ದೆ. ಮುಂದೆ ಶಾಸನಗಳನ್ನು ಓದಬಲ್ಲ ಹಿರಿಯರೊಬ್ಬರು ಅದನ್ನು ಕಂಡು, “ಮೇಷ್ಟ್ರೇ, ನೀವು ಓದಿಸಿದ್ದು ಶಾಸನವನ್ನಲ್ಲ, ನಿಮ್ಮ ಊಹೆಯನ್ನು” ಎಂದರು. ಉಜ್ಜುವಿಕೆಯಿಂದ ಕಲ್ಲಿನ ಮೇಲ್ಪದರ ಸವೆಯುತ್ತದೆ. ತಪ್ಪಾಗಿ ತುಂಬಿದ ಗೆರೆ ಮುಂದೆ ಓದುವವನ ದಾರಿ ತಪ್ಪಿಸುತ್ತದೆ. ಓರೆ ಬೆಳಕು ಇರುವಾಗ ಸುಣ್ಣ ಬೇಕಿಲ್ಲ, ತಾಳ್ಮೆ ಬೇಕು. ಆ ಮಾತು ಮುಳ್ಳಿನಂತೆ ನಾಟಿದ್ದರಿಂದಲೇ ಅಂದು ಮಕ್ಕಳನ್ನು ಬಿಸಿಲಿಳಿಯುವವರೆಗೆ ಕಾಯಿಸಿದೆ.

ಬಂಡೆಯಿಂದ ನಂದಿಯವರೆಗೆ

ದೇವಾಲಯದ ಹಿಂಬದಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಾಗಲಿಂಗವಿದೆ. ಸುರುಳಿ ಸುತ್ತಿ ಕುಳಿತ ಏಳು ಹೆಡೆಯ ಸರ್ಪವು ಕಪ್ಪು ಲಿಂಗಕ್ಕೆ ಕೊಡೆ ಹಿಡಿದಿದೆ. ಶಿಲ್ಪಿಗಳ ತಾಯಿ ಮಧ್ಯಾಹ್ನದ ಅಡಿಗೆಯನ್ನು ಮುಗಿಸುವಷ್ಟರಲ್ಲಿ, ಊಟಕ್ಕೆ ಕಾಯುತ್ತ ಕುಳಿತ ಮಕ್ಕಳು ಇದನ್ನು ಕಡೆದುಬಿಟ್ಟರೆಂಬುದು ಕಥೆ. ಹಸಿವಾದಾಗ ಮಕ್ಕಳು ಏನು ಮಾಡುತ್ತಾರೆಂದು ಬಲ್ಲ ತಾಯಂದಿರು ಈ ಕಥೆಯನ್ನು ನಂಬಲಾರರು. ಆದರೂ ಕೇಳಲು ಸೊಗಸಾಗಿದೆ. ನೆಲದ ಬಂಡೆಯಲ್ಲಿ ಅಲ್ಲಲ್ಲಿ ಊಟದ ತಟ್ಟೆಯಂತೆ ದುಂಡಾಗಿ ತೋಡಿದ ಗುಳಿಗಳಿವೆ. ಕೆಲಸದವರು ಊಟ ಮಾಡಿದ ತಟ್ಟೆಗಳೆಂದು ಕೆಲವರೂ ಬಣ್ಣ ಕಲಸಿದ ಬಟ್ಟಲುಗಳೆಂದು ಕೆಲವರೂ ಹೇಳುತ್ತಾರೆ. ದೊರೆಯ ಹೆಸರು ಗೋಡೆಯಲ್ಲಿದೆ, ಕಟ್ಟಿಸಿದವನ ರೂಪ ಮುಚ್ಚಿಗೆಯಲ್ಲಿದೆ. ಕಟ್ಟಿದವರನ್ನು ನೆನೆಯಲು ಈ ಗುಳಿಗಳಾದರೂ ಇವೆಯಲ್ಲ ಎಂದು ನನಗೆ ಸಮಾಧಾನ.

ದೇವಾಲಯದಿಂದ ಕೂಗಳತೆಯ ದೂರದಲ್ಲಿ, ಊರಿನ ಅಂಚಿನಲ್ಲಿ, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರದ ಏಕಶಿಲೆಯ ನಂದಿ ಮಲಗಿದೆ. ಕೊರಳಿನ ಗೆಜ್ಜೆಸರ, ಗಂಟೆ, ಬೆನ್ನ ಮೇಲಿನ ಹೊದಿಕೆಯ ಅಂಚು ಎಲ್ಲವೂ ಕಲ್ಲಿನಲ್ಲಿ. ತಲೆಯನ್ನು ತುಸು ಎತ್ತಿ ಅದು ನೋಡುತ್ತಿರುವುದು ದೂರದ ನಾಗಲಿಂಗವನ್ನೆಂದು ಹೇಳುತ್ತಾರೆ. ಎತ್ತು ಕಟ್ಟಿದ ಮನೆಯ ಹುಡುಗನೊಬ್ಬನು ಸುತ್ತ ಒಂದು ಬಾರಿ ನಡೆದು ಬಂದು, “ಇದು ಈಗ ಏಳುತ್ತೆ ಸಾರ್, ಮುಂಗಾಲನ್ನು ನೋಡಿ” ಎಂದ. ಎತ್ತು ಏಳುವ ಮುನ್ನ ಮುಂಗಾಲನ್ನು ಹೇಗೆ ಮಡಿಸುತ್ತದೆಂದು ಅವನಿಗೆ ಗೊತ್ತು. ಆ ಶಿಲ್ಪಿಗೂ ಗೊತ್ತಿತ್ತು.

ಈ ದೇವಾಲಯವೂ ನಂದಿಯೂ 2022ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಲೋಕವು ನಮ್ಮ ಹಿತ್ತಿಲಿನ ಗಿಡವನ್ನು ಮದ್ದೆಂದು ಗುರುತಿಸುತ್ತಿದೆ. ದೂರದೂರಿನಿಂದ ಬಂದವರು ಕಂಬದ ಸಂದಿಯನ್ನೂ ನಂದಿಯ ಗಾತ್ರವನ್ನೂ ನೋಡಿ ಹೋಗುತ್ತಾರೆ, ಅದು ಸಹಜ. ಆದರೆ ಗೋಡೆಯ ಮೇಲಿನ ಮಾತನ್ನು ಅವರು ಓದಲಾರರು. ಓದಬಲ್ಲವರು ನಾವು, ನಮ್ಮ ಮಕ್ಕಳು. ಬಣ್ಣ ಮಾಸಿದರೆ ಸಂರಕ್ಷಣೆಯ ತಜ್ಞರನ್ನು ಕರೆತರಬಹುದು. ಕಂಬ ಓಲಿದರೆ ಆನಿಕೆ ಕೊಡಬಹುದು. ಓದುವವರೇ ಇಲ್ಲವಾದರೆ ಕಲ್ಲಿನ ಮೇಲಿನ ಅಕ್ಷರ ಬರಿಯ ಗೀರು.

ಕೊನೆಯ ಮಾತು

ಊರಿಗೆ ಹಿಂದಿರುಗಿದ ಕೆಲವು ದಿನಗಳ ಮೇಲೆ ಆ ಹುಡುಗಿಯ ತಂದೆ ಮತ್ತೆ ಸಿಕ್ಕಿದರು. ನಾನು ಉತ್ತರವನ್ನು ಸಿದ್ಧಮಾಡಿಕೊಂಡಿದ್ದೆ. ಹೇಳುವ ಸಂದರ್ಭ ಬರಲಿಲ್ಲ. “ನಮ್ಮ ಜಮೀನಿನ ಹಳೇ ಕಾಗದ ಒಂದು ಇದೆ ಸಾರ್. ನಮ್ಮ ತಾತನ ಕಾಲದ್ದು, ಕನ್ನಡದಲ್ಲಿದೆ. ಯಾರಿಗೂ ಓದೋಕೆ ಬರದೆ ಪೆಟ್ಟಿಗೆಯಲ್ಲೇ ಇತ್ತು. ಮೊನ್ನೆ ಅವಳೇ ತೆಗೆದು ಕೂತು ಓದುತ್ತಾ ಇದ್ದಳು. ಪೂರ್ತಿ ಬರಲಿಲ್ಲ. ಆದರೆ ತಾತನ ಹೆಸರು ಓದಿದಳು” ಎಂದರು. ಅಷ್ಟು ಹೇಳಿ, “ಲೆಕ್ಕಾನೂ ಬಿಡಬೇಡಿ ಸಾರ್” ಎಂದು ನಗುತ್ತ ಹೋದರು. ಈಗ ಸಂಜೆಯ ತರಗತಿಯಲ್ಲಿ ಮೊದಲ ಅರ್ಧಗಂಟೆ ಲೆಕ್ಕ, ಆಮೇಲೆ ಕನ್ನಡ. ತೆಲುಗಿನ ಹುಡುಗನೂ ಬಂದು ಕುಳಿತುಕೊಳ್ಳುತ್ತಾನೆ. ಅರ್ಧ ಸಾಲು ಉಳಿದಿದೆಯೆಂಬುದು ಅವನ ನೆಪ.

ವಾಚಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಲೇಪಾಕ್ಷಿಗೆ ಹೋದಾಗ ಮಧ್ಯಾಹ್ನದ ಊಟವಾದೊಡನೆ ಹೊರಟುಬಿಡಬೇಡಿ. ಬಿಸಿಲಿಳಿಯುವವರೆಗೆ ಮಕ್ಕಳೊಡನೆ ಗೋಡೆಯ ಬಳಿ ಕುಳಿತಿರಿ. ಮುಟ್ಟದೆ, ಉಜ್ಜದೆ, ಸುಣ್ಣ ಹಚ್ಚದೆ ಒಂದು ಅಕ್ಷರವನ್ನು ಹುಡುಕಲು ಹೇಳಿರಿ. ಕಥೆಯನ್ನು ಕಥೆಯೆಂದು ಹೇಳಿರಿ, ಬರಹವನ್ನು ಬರಹವೆಂದು ತೋರಿಸಿರಿ. ಮನೆಯ ಪೆಟ್ಟಿಗೆಯ ತಳದಲ್ಲಿ ಹಿರಿಯರ ಕಾಗದವೇನಾದರೂ ಇದ್ದರೆ, ಹಿಂದಿರುಗಿದ ಮೇಲೆ ಅದನ್ನೂ ಒಮ್ಮೆ ಬೆಳಕಿಗೆ ಹಿಡಿಯಿರಿ.